ಅನುಪಲಬ್ಧಿಯೂ ನ್ಯೂಟ್ರಾನೂ

ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಗಡಿಗೆಯಿಲ್ಲವೆಂದು ನಿಶ್ಚಯಿಸಲಾಗದು. ಇದ್ದಿದ್ದರೆ ಕಾಣಲೇಬೇಕಾದಷ್ಟು ಬೆಳಕಿದ್ದೂ ಕಾಣದಿದ್ದರೆ ಮಾತ್ರ ಅಭಾವವು ಸಿದ್ಧವಾಗುವುದು. ಇದನ್ನೇ ಭಾಟ್ಟಮೀಮಾಂಸಕರು ಯೋಗ್ಯಾನುಪಲಬ್ಧಿಯೆಂದು ಕರೆದರು. ಈ ಪ್ರಮಾಣದ ಬೆಲೆಯನ್ನು ಇಂದಿನ ಭೌತಶಾಸ್ತ್ರದಲ್ಲಿ ಕಾಣಬಯಸುವವರಿಗೆ ನ್ಯೂಟ್ರಾನಿನ ವಿದ್ಯುದ್ ದ್ವಿಧ್ರುವದ ಅನ್ವೇಷಣೆಯು ಒಳ್ಳೆಯ ದೃಷ್ಟಾಂತವಾಗಿದೆ.

೧೯೩೨ರಲ್ಲಿ ಚಾಡ್‌ವಿಕ್ಕರು ಕಂಡುಹಿಡಿದ ನ್ಯೂಟ್ರಾನಿಗೆ ಒಟ್ಟಿನಲ್ಲಿ ವಿದ್ಯುದಾವೇಶವಿಲ್ಲ. ಆದರೆ ಅದರೊಳಗೆ ಧನ ಋಣ ಆವೇಶಗಳೆರಡೂ ಉಂಟು. ಅವುಗಳ ಕೇಂದ್ರಗಳು ಎಷ್ಟೇ ಅಲ್ಪವಾಗಿಯಾದರೂ ಬೇರೆಯಾಗಿದ್ದರೆ ಅದಕ್ಕೆ ದ್ವಿಧ್ರುವವುಂಟೆಂದು ಅರ್ಥ. ಕ್ವಾಂಟಮ್ ಶಾಸ್ತ್ರದ ಪ್ರಕಾರ ನ್ಯೂಟ್ರಾನಿಗೆ ದಿಕ್ಕೆಂಬುದು ಅದರ ಭ್ರಮಣದಿಂದ ಮಾತ್ರ ಬರತಕ್ಕದ್ದು. ಆದುದರಿಂದ ದ್ವಿಧ್ರುವವು ಭ್ರಮಣದ ಅಕ್ಷವನ್ನೇ ಹಿಡಿದಿರಬೇಕು. ಕಾಲವನ್ನು ಹಿಂದಕ್ಕೆ ಓಡಿಸಿದರೆ ಭ್ರಮಣವು ತಿರುಗಿಬೀಳುವುದು, ಆವೇಶಗಳ ಸ್ಥಾನವು ಬದಲಾಗದು. ಇವೆರಡರ ಸಂಬಂಧವು ತಲೆಕೆಳಗಾಗುವುದು. ಹೀಗಿರಲು, ದ್ವಿಧ್ರುವವು ಲೇಶವಾದರೂ ಇದ್ದಲ್ಲಿ ಪ್ರಕೃತಿನಿಯಮವು ಕಾಲದ ಎರಡು ದಿಕ್ಕುಗಳಿಗೂ ಸಮವಲ್ಲವೆಂದಾಯಿತು. ಎಡಬಲಗಳ ಸಾಮ್ಯಕ್ಕೂ ಇದೇ ಗತಿ.

ಆ ಎಡಬಲಗಳ ಸಾಮ್ಯವು ಸ್ವತಃಸಿದ್ಧವೆಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ, ೧೯೫೦ರಲ್ಲಿ, ಅಮೆರಿಕದ ಪರ್ಸೆಲ್ ಮತ್ತು ರಾಮ್ಸೆ ಎಂಬವರು ಪರೀಕ್ಷಿಸದೆ ಅದನ್ನು ಒಪ್ಪತಕ್ಕದ್ದಲ್ಲವೆಂಬ ಪಕ್ಷವನ್ನು ಹಿಡಿದರು. ಸ್ಮಿತ್ತರೊಡನೆ ಓಕ್ ರಿಡ್ಜಿನಲ್ಲಿ ಅವರು ನಡೆಸಿದ ಪ್ರಯೋಗದಲ್ಲಿ ದ್ವಿಧ್ರುವವು ಕಾಣಲಿಲ್ಲ. ಆದರೂ ಸಂಶಯವು ವ್ಯರ್ಥವಾಗಲಿಲ್ಲ: ೧೯೫೭ರಲ್ಲಿ ಪ್ರಕಟವಾದ ಶ್ರೀಮತಿ ವೂ ಅವರ ಕೋಬಾಲ್ಟ್ ಪ್ರಯೋಗವು ಎಡಬಲಗಳ ಸಾಮ್ಯವು ಮುರಿಯುವುದನ್ನು ತೋರಿಸಿತು.

ಪರೀಕ್ಷೆಯ ಕ್ರಮವೇನೆಂದರೆ: ಕಾಂತಕ್ಷೇತ್ರದಲ್ಲಿ ನ್ಯೂಟ್ರಾನಿನ ಅಕ್ಷವು ಬುಗುರಿಯಂತೆ ತೊನೆಯುತ್ತ ಸುತ್ತುವುದು. ಜೊತೆಗೆ ವಿದ್ಯುತ್‌ಕ್ಷೇತ್ರವನ್ನು ಹೂಡಿ ಅದರ ದಿಕ್ಕನ್ನು ತಿರುಗಿಸಿದಾಗ ಸುತ್ತಿನ ವೇಗವು ಬದಲಾದರೆ ದ್ವಿಧ್ರುವವುಂಟು. ೨೦೨೦ರಲ್ಲಿ ಸ್ವಿಟ್ಸರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಿಂದ ಪ್ರಕಟವಾದ ಫಲವೂ ಶೂನ್ಯವೇ. ನ್ಯೂಟ್ರಾನನ್ನು ಭೂಮಿಯಷ್ಟು ಹಿಗ್ಗಿಸಿದರೂ ಆವೇಶಗಳ ಅಂತರವು ಒಂದು ಮಿಲಿಮೀಟರಿನ ಕೆಲವೇ ಸಹಸ್ರಾಂಶಗಳನ್ನು ಮೀರದು. ಮೊದಲ ಪ್ರಯೋಗಕ್ಕಿಂತ ದೀಪವು ಇಪ್ಪತ್ತು ಲಕ್ಷ ಮಡಿಗೂ ಹೆಚ್ಚು ಪ್ರಖರವಾಗಿದ್ದಿತು.

ಇಷ್ಟು ಶ್ರಮವೇಕೆ? ಜಗತ್ತಿನಲ್ಲಿ ದ್ರವ್ಯವು ಉಳಿದು ಪ್ರತಿದ್ರವ್ಯವು ಅಳಿದುದಕ್ಕೆ ಇದಕ್ಕೆ ಸಂಬಂಧಿಸಿದ ಸಾಮ್ಯಭಂಗವು ಅವಶ್ಯವೆಂದು ೧೯೬೭ರಲ್ಲಿ ರಷ್ಯದ ಸಖರೋವ್ ತೋರಿಸಿದರು. ತಿಳಿದಿರುವ ಭಂಗವು ಅದಕ್ಕೆ ಸಾಲದು. ಹೆಚ್ಚಿನ ಭಂಗವನ್ನು ಕಲ್ಪಿಸಿದ ಕೆಲವು ವಾದಗಳು ದೊಡ್ಡ ದ್ವಿಧ್ರುವವನ್ನು ಹೇಳಿದವು. ಅಲ್ಲಿ ಅನುಪಲಬ್ಧಿಯು ಯೋಗ್ಯವಾಗಿದ್ದುದರಿಂದ ಅವು ಬಿದ್ದುಹೋದವು. ಪ್ರಚಲಿತ ಸಿದ್ಧಾಂತವು ಹೇಳುವ ದ್ವಿಧ್ರುವವಾದರೋ ಈ ಮೇರೆಗಿಂತ ಲಕ್ಷ ಪಾಲಿನಷ್ಟು ಕಿರಿದು. ಅದರ ವಿಷಯದಲ್ಲಿ ಕೋಣೆಯಿನ್ನೂ ಕತ್ತಲೆಯೇ. ಆದುದರಿಂದ ಇಲ್ಲವೆಂದು ಹೇಳುವವನು ಎಷ್ಟು ಬೆಳಕಿನಲ್ಲಿ ನೋಡಿದೆನೆಂಬುದನ್ನೂ ಹೇಳಬೇಕು. ಆ ವಿದ್ವಾಂಸರು ಹಲವು ದಶಕಗಳ ಶೂನ್ಯವನ್ನು ಸೋಲೆಂದು ಬಗೆಯದೆ, ಪ್ರತಿಸಲವೂ ತಮ್ಮ ದೀಪದ ಅಳತೆಯೊಡನೆಯೇ ಲೋಕಕ್ಕೆ ಒಪ್ಪಿಸಿರುವರು.