ನಡುಗುವ ಕೈಯ ವೀರ

ಅನಿಮೆ ಅಂದ್ರೆ ನನಗೆ ಬಹಳ ವರ್ಷ ಕೂಗಾಟ, ಮಿಂಚು, ಸ್ಫೋಟ ಅಷ್ಟೇ ಆಗಿತ್ತು. ‘ಡ್ರ್ಯಾಗನ್ ಬಾಲ್ ಝಡ್’ನಲ್ಲಂತೂ ಎದುರಾಳಿಯ ಬಲವನ್ನು ಅಂಕಿಯಲ್ಲಿ ತೋರಿಸುವ ಒಂಟಿಗಣ್ಣಿನ ಯಂತ್ರವೇ ಇದೆ. ಅಂಕಿ ಏರಿತೋ, ನಾಯಕ ಬೆಳೆದ ಅಂತ ಲೆಕ್ಕ.

ಹೋದ ಬೇಸಿಗೆಯಲ್ಲಿ ಮಗ ಹಟ ಹಿಡಿದು, 2023ರಲ್ಲಿ ಶುರುವಾದ ‘ಫ್ರೀರೆನ್’ ತೋರಿಸಿದ. ಸಾವಿರ ವರ್ಷ ದಾಟಿದ ಮಾಂತ್ರಿಕಿಯ ಕತೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅವಳಲ್ಲ, ಸ್ಟಾರ್ಕ್ ಎಂಬ ಕೊಡಲಿ ಹಿಡಿದ ಹುಡುಗ. ಹಳ್ಳಿಯೊಂದರ ಮೇಲೆ ಡ್ರ್ಯಾಗನ್ ಎರಗಿದಾಗ ಅವನು ಎದುರು ನಿಂತ. ನಿಂತ ಅಂದರೇನು, ಭಯಕ್ಕೆ ಕಾಲು ಕೀಳಲಾಗದೆ ನಿಂತುಬಿಟ್ಟ! ಅದು ವಾಪಸ್ ಹೋಯಿತು. ಮೂರು ವರ್ಷದಿಂದ ಊರವರಿಗೆ ಅವನೇ ವೀರ. ತಾನು ಪುಕ್ಕಲ ಅಂತ ಅವನಿಗೊಬ್ಬನಿಗೇ ಗೊತ್ತು. ಆದರೂ ಬೆಟ್ಟದ ಬಂಡೆ ಸೀಳಿಹೋಗುವಷ್ಟು ಅಭ್ಯಾಸ ಮಾಡಿದ್ದಾನೆ.

ಫ್ರೀರೆನ್ ಜೊತೆ ಆ ಡ್ರ್ಯಾಗನ್ ಹತ್ತಿರ ಹೊರಟಾಗಲೂ ಅವನ ಕೈ ನಡುಗುತ್ತಿರುತ್ತೆ. ಹೆದರಬೇಡ ಅಂತ ಅವಳು ಹೇಳಲ್ಲ. ನಿನ್ನ ಗುರು ಐಸೆನ್ ಕೈಯೂ ಹೀಗೇ ನಡುಗುತ್ತಿತ್ತು ಅಂತಾಳೆ. ರಾಕ್ಷಸರಾಜನನ್ನು ಸೋಲಿಸಿದ ತಂಡದ ಯೋಧ ಆ ಐಸೆನ್! ಭಯ ಹೋದಮೇಲೆ ಬಲ ಬರುವ ಕತೆಗಳು ಬೇಕಾದಷ್ಟಿವೆ, ನಮ್ಮ ಸಿನಿಮಾಗಳಲ್ಲಂತೂ ಹೀರೋಗೆ ಭಯವೇ ಇರಲ್ಲ. ಇಲ್ಲಿ ಭಯ ಎಲ್ಲೂ ಹೋಗಲ್ಲ. ಅದನ್ನು ಇಟ್ಟುಕೊಂಡೇ ಹುಡುಗ ಕೊಡಲಿ ಬೀಸುತ್ತಾನೆ. ಡ್ರ್ಯಾಗನ್ ಸತ್ತಿದ್ದು ಕೂಡ ಅವನಿಗೆ ತಕ್ಷಣ ಗೊತ್ತಾಗಲ್ಲ, ಪಾಪ.

ಟೀವಿ ಮುಂದೆ ನಾನು ಸುಮ್ಮನಾಗಿಬಿಟ್ಟೆ. ಎರಡು ತಿಂಗಳ ಹಿಂದಷ್ಟೇ ಅಮ್ಮನಿಗೆ ಹೃದಯದ ಆಪರೇಷನ್ ಆಗಿತ್ತು. ಒಪ್ಪಿಗೆ ಪತ್ರಕ್ಕೆ ನಾನು ಹಾಕಿದ ಸಹಿ ಕಾಗೆ ಕಾಲು ಗುಬ್ಬಿ ಕಾಲು. ಮಗನಿಗೆ ಕಾಣದಿರಲಿ ಅಂತ ಕೈಯನ್ನು ಜೇಬಿಗೆ ತುರುಕಿ, “ಅಜ್ಜಿಗೆ ಏನೂ ಆಗಲ್ಲ, ಬಾರೋ” ಅಂತ ಗಟ್ಟಿಗನ ಹಾಗೆ ನಡೆದಿದ್ದೆ.

“ಅಪ್ಪಾ, ಅವತ್ತು ಆಸ್ಪತ್ರೇಲಿ ನಿಂಗೂ ಹೀಗೇ ಆಗಿತ್ತಲ್ವಾ?” ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

“ಹೂಂ ಕಣೋ. ತುಂಬಾ ಹೆದರಿದ್ದೆ.”

“ನಾನೂ” ಅಂದ.

ಒಳಗಿನಿಂದ ಅಮ್ಮ, ಊಟಕ್ಕೆ ಬರ್ತೀರೋ ಇಲ್ವೋ ಅಂತ ಕೂಗಿದಳು. ಇನ್ನೊಂದೇ ಕಂತು ಅಂತ ಇಬ್ಬರೂ ಒಟ್ಟಿಗೇ ಕೂಗಿದೆವು.