ಬಾಗಿಲಿನ ನಂಟು ಬಿಟ್ಟು ಗೋಡೆಗೆ ಸೇರಿದ ಸ್ವಿಚ್‌ಬೋರ್ಡು

ಗೋಡೆಯ ಬಣ್ಣಕ್ಕೆ ಸ್ವಿಚ್ಚುಗಳನ್ನೂ ಅವುಗಳ ಸುತ್ತಣ ಪ್ಲೇಟುಗಳನ್ನೂ ಹೊಂದಿಸುವ ರೂಢಿ ಮೈಸೂರಿನ ಮನೆಗಳಲ್ಲಿ ತೀರ ಹಳೆಯದಲ್ಲ. ನಗರದ ವಾಯವ್ಯದಲ್ಲಿ, ಹಿನಕಲ್ ಮತ್ತು ಹೆಬ್ಬಾಳಗಳ ಮಗ್ಗುಲಿಗೆ, ಒಂದನೆಯ ಹಂತದಿಂದ ನಾಲ್ಕನೆಯ ಹಂತದವರೆಗೆ ಕಂತುಕಂತಾಗಿ ಬೆಳೆದ ವಿಜಯನಗರವು ಈ ರೂಢಿಯ ಬೆಳವಣಿಗೆಯನ್ನು ಗುರುತಿಸಲು ಅನುಕೂಲವಾದ ಬಡಾವಣೆ. ಏಕೆಂದರೆ ಇಲ್ಲಿ ಒಂದೇ ರಸ್ತೆಯಲ್ಲಿ ಮೊದಲ ಒಡೆಯರು ಕಟ್ಟಿಸಿದಂತೆಯೇ ಉಳಿದ ಮನೆ, ಮಕ್ಕಳ ಕಾಲದಲ್ಲಿ ಮಹಡಿ ಏರಿದ ಮನೆ ಮತ್ತು ಕೆಡವಿ ಹೊಸದಾಗಿ ಎಬ್ಬಿಸಿದ ಮನೆ ಅಕ್ಕಪಕ್ಕದಲ್ಲಿ ನಿಂತಿರುತ್ತವೆ, ಮತ್ತು ಮೂರರ ಸ್ವಿಚ್‌ಬೋರ್ಡುಗಳೂ ಮೂರು ಕಾಲವನ್ನು ಹೇಳುತ್ತವೆ. ಈ ಮೂರು ಕಾಲಗಳನ್ನೂ ಕಂಡವರಿಗೆ ಸ್ಪಷ್ಟವಾಗುವ ಸಂಗತಿಯೆಂದರೆ, ಬೋರ್ಡು ಮೊದಲು ಬಾಗಿಲು-ಕಿಟಕಿಗಳ ನಂಟಿನದಾಗಿತ್ತು, ಗೋಡೆಯ ನಂಟಿಗೆ ಅದು ಸೇರಿದ್ದು ಆಮೇಲೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ಬಂದಿತು. ಅನಂತರದ ದಶಕಗಳಲ್ಲಿ ಲಕ್ಷ್ಮೀಪುರಂ, ಚಾಮರಾಜಪುರಂಗಳಂಥ ಹಳೆಯ ಬಡಾವಣೆಗಳ ಮನೆಗಳಿಗೆ ದೀಪ ಹಾಕಿಸುವಾಗ ತಂತಿಗಳನ್ನು ಗೋಡೆಯ ಮೇಲೆಯೇ ಮರದ ಪಟ್ಟಿಗಳ ಜೊತೆ ಹಾಯಿಸುತ್ತಿದ್ದರು. ಎರಡು ತೋಡುಗಳುಳ್ಳ ಪಟ್ಟಿಯಲ್ಲಿ ತಂತಿಯನ್ನು ಕೂರಿಸಿ ಮೇಲೆ ಇನ್ನೊಂದು ತೆಳು ಪಟ್ಟಿಯನ್ನು ಮುಚ್ಚುವ ಕ್ರಮಕ್ಕೆ ಕೇಸಿಂಗ್-ಕ್ಯಾಪಿಂಗ್ ಎಂದೂ, ಬರಿಯ ಪಟ್ಟಿಯ ಮೇಲೆ ತಂತಿಯನ್ನಿಟ್ಟು ತಗಡಿನ ಕ್ಲಿಪ್ಪುಗಳಿಂದ ಬಿಗಿಯುವ ಕ್ರಮಕ್ಕೆ ಬ್ಯಾಟನ್ ವೈರಿಂಗ್ ಎಂದೂ ಹೆಸರು. ಸ್ವಿಚ್ಚು ಒಂದು ದುಂಡು ಮರದ ತುಂಡಿನ ಮೇಲೆ ಕೂತ, ಮೂತಿಯನ್ನು ಕೆಳಕ್ಕೆ ಒತ್ತಿದರೆ ದೀಪ ಹತ್ತುವ ಕಪ್ಪು ಅಥವಾ ಕಂದು ಗುಂಡಿಯಾಗಿತ್ತು. ಈ ಕಪ್ಪು ಯಾರೂ ಬಯಸಿ ಆರಿಸಿಕೊಂಡ ಬಣ್ಣವಲ್ಲ: 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್, ಅಂದರೆ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದಾದ ಗಟ್ಟಿ ಪ್ಲಾಸ್ಟಿಕ್, ತಾನೇ ಗಾಢವರ್ಣದ್ದಾದುದರಿಂದ ಅದರಿಂದ ಬಿಳಿಯ ಸ್ವಿಚ್ಚನ್ನು ಮಾಡಲು ಆಗುತ್ತಿರಲಿಲ್ಲ. ಫಿನಾಲಿನ ಜಾಗದಲ್ಲಿ ಯೂರಿಯಾವನ್ನು ಬಳಸಿದ ಪ್ಲಾಸ್ಟಿಕ್ ಬಂದ ಮೇಲೆಯೇ ಸ್ವಿಚ್ಚಿಗೆ ಬಿಳುಪು ಸಾಧ್ಯವಾಯಿತು.

ವಿಜಯನಗರದ 30×40 ಮತ್ತು 40×60 ಅಡಿಗಳ ನಿವೇಶನಗಳಲ್ಲಿ ಮನೆಗಳು ಏಳತೊಡಗಿದ ಕಾಲಕ್ಕೆ ತಂತಿ ಗೋಡೆಯ ಒಳಕ್ಕೆ ಸರಿಯತೊಡಗಿತ್ತು. ಗಾರೆಗೆ ಮುನ್ನ ಇಟ್ಟಿಗೆಯಲ್ಲಿ ಸಾಲು ಕೊರೆದು ಪೈಪು ಹೂಳುವ ಈ ಕ್ರಮದಲ್ಲಿ ಹೊರಗೆ ಕಾಣುವುದು ನೆಲದಿಂದ ನಾಲ್ಕೂವರೆ ಅಡಿ ಎತ್ತರದ ಮರದ ಪೆಟ್ಟಿಗೆಯೊಂದೇ. ಅದರ ಮುಚ್ಚಳ ಸನ್‌ಮೈಕಾ ಅಥವಾ ಹೈಲಮ್ ಹಾಳೆಯದು. ಅದರಲ್ಲಿ ಬಿಳಿಯ ಪಿಯಾನೊ ಸ್ವಿಚ್ಚುಗಳಿಗೆ ಬೇಕಾದ ಕಿಂಡಿಗಳನ್ನು ವೈರ್‌ಮನ್ ಅಲ್ಲಿಯೇ ಕೂತು, ಗೆರೆಯುದ್ದಕ್ಕೂ ಸಾಲು ತೂತು ಕೊರೆದು, ತುಂಡನ್ನು ತಟ್ಟಿ ಬೀಳಿಸಿ, ಅಂಚನ್ನು ಅರದಿಂದ ಉಜ್ಜಿ ಸಿದ್ಧಪಡಿಸುತ್ತಿದ್ದನು. ಪೆಟ್ಟಿಗೆಯ ಚೌಕಟ್ಟಿಗೆ ಬಡಗಿಯು ಬಾಗಿಲಿಗೆ ಹಾಕಿದ ಪಾಲಿಶನ್ನೇ ಹಾಕುತ್ತಿದ್ದನು. ಹೀಗೆ ಬೋರ್ಡಿಗೂ ಒಂದು ಹೊಂದಿಕೆ ಇದ್ದೇ ಇತ್ತು, ಆದರೆ ಅದು ಮರದೊಂದಿಗಿನ ಹೊಂದಿಕೆ. ಸುಣ್ಣದ ಗೋಡೆ ವರ್ಷಕ್ಕೊಮ್ಮೆ ಬಣ್ಣ ಬದಲಿಸಿದರೂ ಬೋರ್ಡು ಬಾಗಿಲಿನಂತೆ ತನ್ನ ಪಾಡಿಗೆ ಇರುತ್ತಿತ್ತು, ಮತ್ತು ಸುಣ್ಣ ಹಚ್ಚುವವರಿಗೆ ಅದರ ವಿಷಯದಲ್ಲಿದ್ದ ಕೆಲಸ ಸಿಡಿದ ಹನಿಗಳನ್ನು ಒರೆಸುವುದಷ್ಟೇ.

ಈ ನಂಟು ಕಡಿದದ್ದು ಗೋಡೆಯ ಕಡೆಯಿಂದ. ನೀಲಿ ಬೆರೆಸಿದ ಸುಣ್ಣದ ಜಾಗಕ್ಕೆ ಡಿಸ್ಟೆಂಪರ್, ಡಿಸ್ಟೆಂಪರಿನ ಜಾಗಕ್ಕೆ ನೀರಿನಲ್ಲಿ ಕದಡಿದ ಅಂಟುಳ್ಳ ಎಮಲ್ಶನ್ ಬಂದು, ಅಂಗಡಿಯ ಯಂತ್ರವೇ ಕಾರ್ಡಿನಲ್ಲಿ ತೋರಿಸಿದ ಛಾಯೆಯನ್ನು ಬೆರೆಸಿಕೊಡುವಂತಾದಾಗ, ಗೋಡೆ ಆರಿಸಿ ತಂದ ವಸ್ತುವಾಯಿತು. ಅದರ ನಡುವೆ ಹಳೆಯ ಬೋರ್ಡು ಕಣ್ಣಿಗೆ ಚುಚ್ಚತೊಡಗಿತು. ಇಡೀ ಬೋರ್ಡನ್ನು ಬದಲಿಸುವ ಖರ್ಚಿಗೆ ಹಿಂಜರಿದ ಮನೆಗಳಲ್ಲಿ, ಉಳಿದ ಬಣ್ಣವನ್ನು ಅದರ ಮೇಲೂ ಎಳೆಯುವ ಪದ್ಧತಿ ಹುಟ್ಟಿದ್ದು ಹೀಗೆ.

ಗಾರೆಯ ಗೋಡೆ ಬಣ್ಣವನ್ನು ಕುಡಿಯುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ. ಆದುದರಿಂದ ನೇರವಾಗಿ ಹಚ್ಚಿದ ಎಮಲ್ಶನ್ ಕೆಲವೇ ದಿನಗಳಲ್ಲಿ ಉಗುರಿಗೆ ಸಿಪ್ಪೆಯಂತೆ ಏಳುತ್ತಿತ್ತು. ಸ್ವಿಚ್ಚಿಗೂ ಪ್ಲೇಟಿಗೂ ನಡುವಣ ಕೂದಲೆಳೆಯ ಸಂದಿಯಲ್ಲಿ ಬಣ್ಣ ತುಂಬಿ ಒಣಗಿದರೆ ಒತ್ತಿದ ಸ್ವಿಚ್ಚು ಹಿಂದಕ್ಕೆ ಬರುತ್ತಿರಲಿಲ್ಲ. ಸ್ಕ್ರೂವಿನ ತಲೆಯ ಗೀರು ಮುಚ್ಚಿಹೋದರೆ ಮುಂದಿನ ದುರಸ್ತಿಗೆ ಬಂದ ವೈರ್‌ಮನ್ನನ ಸ್ಕ್ರೂಡ್ರೈವರ್ ಜಾರುತ್ತಿತ್ತು. ಪ್ಲಗ್ಗಿನ ತೂತಿನೊಳಗೆ ಇಳಿದ ಬಣ್ಣದ ತೊಂದರೆ ಇದಕ್ಕಿಂತ ದೊಡ್ಡದು: ಲೋಹದ ಮೇಲಿನ ಬಣ್ಣದ ಪೊರೆ ವಿದ್ಯುತ್ತಿಗೆ ತಡೆಯಾಗುವುದರಿಂದ ಸಂಪರ್ಕ ಸಡಿಲವಾಗಿ ಅಲ್ಲಿ ಕಾವು ಏರುತ್ತದೆ, ಹೆಚ್ಚು ವಿದ್ಯುತ್ತು ಎಳೆಯುವ ಇಸ್ತ್ರಿಪೆಟ್ಟಿಗೆಯಂಥ ಉಪಕರಣಕ್ಕೆ ಇದು ಅಪಾಯಕರ. ಬಲ್ಲ ಪೇಂಟರು ಮೊದಲು ಮೇನ್ ಆಫ್ ಮಾಡಿಸಿ, ಮುಚ್ಚಳವನ್ನು ಬಿಚ್ಚಿ ಸ್ವಿಚ್ಚುಗಳಿಂದ ಬೇರ್ಪಡಿಸಿ, ಕೈಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆದು, ನಯವಾದ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಪ್ರೈಮರಿನ ಮೇಲೆ ಎರಡು ತೆಳು ಕೋಟುಗಳನ್ನು ಹೊಡೆದು, ಪೂರ್ತಿ ಒಣಗಿದ ಬಳಿಕವೇ ಮತ್ತೆ ಕೂರಿಸುತ್ತಿದ್ದನು. ಸ್ವಿಚ್ಚಿನ ಗುಂಡಿಗೂ ಪ್ಲಗ್ಗಿನ ಮುಖಕ್ಕೂ ಅವನು ಬ್ರಷ್ಷು ತಾಗಿಸುತ್ತಿರಲಿಲ್ಲ.

ಮಾಡ್ಯುಲರ್ ಸ್ವಿಚ್ಚು, ಅಂದರೆ ಗೋಡೆಯೊಳಗಿನ ಲೋಹದ ಪೆಟ್ಟಿಗೆಗೆ ಚೌಕಟ್ಟನ್ನು ಬಿಗಿದು ಸ್ವಿಚ್ಚುಗಳನ್ನು ಅದರಲ್ಲಿ ಸಿಕ್ಕಿಸಿ ಮೇಲೆ ಪ್ಲೇಟನ್ನು ಒತ್ತಿ ಕೂರಿಸುವ ವ್ಯವಸ್ಥೆ, ಈ ಕಷ್ಟವನ್ನು ಕೊನೆಗಾಣಿಸಿತು. ಪ್ಲೇಟು ಬೂದು, ದಂತವರ್ಣ, ಮರದ ಮಾದರಿ ಎಂದು ಕಾರ್ಖಾನೆಯಿಂದಲೇ ಬಣ್ಣ ತೊಟ್ಟು ಬರುವುದರಿಂದ ಬೋರ್ಡಿಗೆ ಬಡಗಿಯೂ ಬೇಡ, ಪೇಂಟರೂ ಬೇಡ. ಮೂವರು ಕಸುಬಿನವರು ಸೇರಿ ಮುಗಿಸುತ್ತಿದ್ದ ಕೆಲಸ ಎಲೆಕ್ಟ್ರಿಷಿಯನ್ ಒಬ್ಬನದಾಯಿತು, ಮತ್ತು ಹೈಲಮ್ ಹಾಳೆಯಲ್ಲಿ ನೇರ ಕಿಂಡಿ ಕತ್ತರಿಸುವ ಕೈಚಳಕಕ್ಕೆ ಗಿರಾಕಿ ಇಲ್ಲವಾಯಿತು.

ಹೊಂದಿಕೆಗೆ ತೆತ್ತ ಬೆಲೆ ಇನ್ನೊಂದಿದೆ. ಪಿಂಚಣಿದಾರರು ಹೆಚ್ಚಾಗಿ ನೆಲೆಸಿರುವ ಈ ಬಡಾವಣೆಯಲ್ಲಿ, ಕಣ್ಣು ಮಂದವಾದವರಿಗೆ ಮಬ್ಬುಗತ್ತಲೆಯಲ್ಲಿ ದಾರಿ ತೋರುತ್ತಿದ್ದುದು ಬಿಳಿಗೋಡೆಯ ಮೇಲಿನ ಆ ಕಂದು ಚೌಕವೇ. ಗೋಡೆಯೊಳಗೆ ಕರಗಿದ ಪ್ಲೇಟನ್ನು ಅವರು ಅಂಗೈಯಿಂದ ತಡವಿ ಹುಡುಕುವುದರಿಂದ ಹೊಸ ಎಮಲ್ಶನ್ನಿನ ಮೇಲೆ ಪ್ಲೇಟಿನ ಸುತ್ತ ವರ್ಷದೊಳಗೇ ಮಾಸಲು ಉಂಗುರವೊಂದು ಮೂಡುತ್ತದೆ. ಕೆಲವು ಮನೆಗಳಲ್ಲಿ ಬೋರ್ಡನ್ನು ಗೋಡೆಯಿಂದ ಬೇರೆಯಾಗಿ ತೋರಿಸುವ ಇನ್ನೊಂದು ಗುರುತೂ ಉಳಿದಿದೆ: ಆಯುಧಪೂಜೆಯಂದು ಮೇನ್ ಸ್ವಿಚ್ಚಿಗೂ ನಡುಮನೆಯ ಬೋರ್ಡಿಗೂ ಇಟ್ಟ ಅರಿಸಿನ-ಕುಂಕುಮದ ಬೊಟ್ಟನ್ನು, ಪ್ಲೇಟಿನ ಬಣ್ಣ ಎಷ್ಟೇ ಮುತುವರ್ಜಿಯಿಂದ ಆರಿಸಿದ್ದಾಗಿದ್ದರೂ, ತಾನಾಗಿ ಉದುರುವವರೆಗೆ ಯಾರೂ ಒರೆಸುವುದಿಲ್ಲ.