ಡಬ್ಲಿನ್‌ನ ಹಲ್ಲೆ, ಫೋನಿನ ಸಾಕ್ಷಿ
2025ರ ಜುಲೈ 19ರಂದು ಡಬ್ಲಿನ್‌ನ ಟಾಲಾದಲ್ಲಿ ಗುಂಪೊಂದು ಭಾರತೀಯನೊಬ್ಬನನ್ನು ರಕ್ತ ಬರುವಂತೆ ಹೊಡೆಯಿತು. ಅವನು ಮಕ್ಕಳ ಜೊತೆ ಅಸಭ್ಯವಾಗಿ ನಡೆದುಕೊಂಡನೆಂಬ ಸುಳ್ಳು ಆನ್‌ಲೈನ್‌ನಲ್ಲಿ ಹಬ್ಬಿತು. ಅದರಲ್ಲಿ ಹುರುಳಿಲ್ಲವೆಂದು ಅಲ್ಲಿನ ಪೊಲೀಸರಾದ ಗಾರ್ಡಾ ತಿಳಿಸಿದ್ದು ಆಮೇಲೆ. ಸುಳ್ಳಿನ ವೇಗಕ್ಕೆ ಪ್ರಕಟಣೆ ಸಾಟಿಯಲ್ಲ. ಸಾಟಿಯಾದದ್ದು ನೆರವಿಗೆ ಓಡಿಬಂದ ಸ್ಥಳೀಯ ಮಹಿಳೆ ತಾನು ಕಂಡದ್ದನ್ನು ಹೇಳಿದ ವಿಡಿಯೊ. ಅದರ ಬೆನ್ನಿಗೇ ಹಲ್ಲೆಗೊಳಗಾದ ಇತರ ಭಾರತೀಯರೂ ಗಾಯದ ಫೋಟೊ ಸಮೇತ ಬರೆಯತೊಡಗಿದರು. ಆಗಸ್ಟ್ 1ರಂದು ಭಾರತೀಯ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಹೊರಡಿಸಿತು. ಡಬ್ಲಿನ್‌ನ ಬ್ಯೂಮಾಂಟ್ ಆಸ್ಪತ್ರೆಯಂಥ ಕಡೆ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಭಾರತೀಯ ನರ್ಸುಗಳಿಗೆ ಈ ಹಲ್ಲೆಗಳು ದೂರದ ಸುದ್ದಿಯೇನಲ್ಲ. ಆಗಸ್ಟ್ 12ರಂದು ಐರ್ಲೆಂಡ್‌ನ ಅಂದಿನ ಅಧ್ಯಕ್ಷ ಮೈಕಲ್ ಡಿ. ಹಿಗ್ಗಿನ್ಸ್ ಈ ದಾಳಿಗಳನ್ನು ಖಂಡಿಸಿದರು.